ದೀಪ ಹಚ್ಚುವ ಹೊತ್ತಿನ ಪ್ರಶ್ನೆ

ಸಂಜೆಯ ಪ್ರಾರ್ಥನೆಗೆ ನಾವೆಲ್ಲ ಚಾಪೆಯ ಮೇಲೆ ಕೂತಿರುತ್ತಿದ್ದೆವು. ಅಜ್ಜ ಬೈಬಲು ಓದಿ ಮುಗಿಸಿ, ಕನ್ನಡಕ ತೆಗೆದು ಮಡಚುವಷ್ಟರಲ್ಲಿ ಅಜ್ಜಿ ಕೇಳಿಬಿಡುತ್ತಿದ್ದರು: "ಇನಿ ದೇವೆರ್ ಎಂಚ ತೋಜಿಯೆರ್?" ಇವತ್ತು ದೇವರು ಹೇಗೆ ಕಾಣಿಸಿದರು?

ಉತ್ತರ ಒಂದೇ ಮಾತಿನಲ್ಲಿ ಬರಬೇಕು. ಸುಮ್ಮನೆ "ಕರುಣಾಳು" ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ಎಲ್ಲಿ ಕಂಡೆ?" ಎಂಬ ಎರಡನೇ ಪ್ರಶ್ನೆ ಅದರ ಬೆನ್ನಿಗೇ ಕಾದಿರುತ್ತಿತ್ತು. ಅದಕ್ಕೂ ಉತ್ತರ ಕೊಟ್ಟ ಮೇಲೆಯೇ ಬೇಡಿಕೆಯ ಪ್ರಾರ್ಥನೆ, ಆಮೇಲೆ ಗಂಜಿ. ಹಸಿದ ಮಕ್ಕಳು ಎಷ್ಟು ಬೇಗ ದೇವರ ಗುಣಗಳನ್ನು ಹುಡುಕಿ ತರುತ್ತಾರೆಂಬುದನ್ನು ನಾನು ಬಲ್ಲೆ. ಒಮ್ಮೆ ಅಣ್ಣ "ನೀತಿವಂತ" ಎಂದ. ಅವನ ಬಳಪ ಕದ್ದವನಿಗೆ ಶಾಲೆಯಲ್ಲಿ ಬೆತ್ತದೇಟು ಬಿದ್ದಿತ್ತು. ಅಜ್ಜಿ ಒಪ್ಪಲಿಲ್ಲ. "ಅದು ಮಾಸ್ಟ್ರ ನೀತಿಯಾಯಿತು. ದೇವರದ್ದು ಎಲ್ಲಿ?" ಅವನಿಗೆ ಆ ದಿನ ಗಂಜಿ ತಡವಾಯಿತು. ನಾನು "ಆಶ್ರಯ" ಎಂದೆ. ಮಳೆಯಲ್ಲಿ ನೆನೆದುಕೊಂಡು ಬರುತ್ತಿದ್ದವಳನ್ನು ಪಕ್ಕದ ಮನೆಯ ಕೊಂಕಣಿ ಬಾಯಿ ಒಳಗೆ ಕರೆದು, ಹಳೆಯ ಗೊರಬೆಯೊಂದನ್ನು ತಲೆಗೆ ಹಾಕಿ ಕಳಿಸಿದ್ದರು. ಅಜ್ಜಿ ತಲೆಯಾಡಿಸಿದರು. ಆ ಸಂಜೆ ನಮ್ಮ ಮನೆಯ ಬೇಡಿಕೆಗಳೆಲ್ಲ ಆ ಒಂದು ಮಾತಿಗೆ ಜೋತುಬಿದ್ದವು: ನೀನು ಆಶ್ರಯವಾಗಿದ್ದೀ, ಆದ್ದರಿಂದ ಕೆಲಸ ಕಳೆದುಕೊಂಡ ಚಿಕ್ಕಪ್ಪನಿಗೆ ಆಶ್ರಯವಾಗು. ನೀನು ಆಶ್ರಯವಾಗಿದ್ದೀ, ಆದ್ದರಿಂದ ಆಸ್ಪತ್ರೆಯಲ್ಲಿರುವವರನ್ನು ಕಾಪಾಡು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ನಿವೃತ್ತಿಯಾದ ಮೇಲೆ, ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಸಣ್ಣ ನೋಟುಪುಸ್ತಕಗಳನ್ನು ಓದುತ್ತ ಈ ಪದ್ಧತಿಯ ಬೇರು ಹುಡುಕಲು ಹೊರಟೆ. ಚಿಕ್ಕಂದಿನಲ್ಲಿ ಇದು ಅಜ್ಜಿಯದೇ ಹುಟ್ಟುವಳಿ ಎಂದುಕೊಂಡಿದ್ದೆ. ನೋಡಿದರೆ ಆ ಪ್ರಶ್ನೆ ಮಂಗಳೂರಿನ ಜೆಪ್ಪುವಿನ ನಮ್ಮ ಚಾಪೆಗೆ ಬಂದು ಕೂರುವ ಮೊದಲು ಬಹಳ ದೂರ ನಡೆದಿತ್ತು.

ಮೊದಲು ಬೇಡಬಾರದು, ಯಾರ ಮುಂದೆ ನಿಂತಿದ್ದೇವೆಂದು ಮೊದಲು ಹೇಳಬೇಕು ಎಂಬುದು ಕ್ರೈಸ್ತ ಪ್ರಾರ್ಥನೆಯ ಬಹಳ ಹಳೆಯ ನಡೆ. ಯೇಸು ಕಲಿಸಿದ ಪ್ರಾರ್ಥನೆಯನ್ನು ಲೂಥರನ ಎಣಿಕೆಯಲ್ಲಿ ಏಳು ಬಿನ್ನಹಗಳಾಗಿ ಬಿಡಿಸುತ್ತಾರೆ. ಮೊದಲ ಮೂರು ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತದ ಬಗ್ಗೆ. ರೊಟ್ಟಿ ಬರುವುದು ನಾಲ್ಕನೆಯದಾಗಿ. ಪಶ್ಚಿಮದ ಸಭೆಗಳಲ್ಲಿ 'ಕಲೆಕ್ಟ್' ಎಂದು ಕರೆಯುವ ಚಿಕ್ಕ ಪ್ರಾರ್ಥನೆಗಳಿವೆ, ಸಾವಿರಕ್ಕೂ ಹೆಚ್ಚು ವರ್ಷ ಹಳೆಯವು. ಅವುಗಳ ಕಟ್ಟು ಸಾಮಾನ್ಯವಾಗಿ ಹೀಗೆ: ದೇವರನ್ನು ಕರೆ, ಅವನ ಒಂದು ಗುಣವನ್ನೋ ಒಂದು ಕೆಲಸವನ್ನೋ ಹೇಳು, ಅದರ ಬಲದ ಮೇಲೆ ಬೇಡು. ಅಜ್ಜಿ 'ಕಲೆಕ್ಟ್' ಎಂಬ ಮಾತನ್ನೇ ಕೇಳಿದವರಲ್ಲ. ಆದರೂ ಅವರು ಪ್ರತಿ ಸಂಜೆ ಕಟ್ಟುತ್ತಿದ್ದುದು ಅದನ್ನೇ.

ದೇವಾಲಯದ ಈ ನಡೆ ಮನೆಯೊಳಕ್ಕೆ ಬಂದ ಕಥೆ ಬೇರೆ. 1529ರಲ್ಲಿ ಮಾರ್ಟಿನ್ ಲೂಥರ್ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕ ಮನೆಯ ಯಜಮಾನನ ಕೈಗೆ ಕೊಟ್ಟ ಪುಸ್ತಕ. ಮಕ್ಕಳಿಗೂ ಆಳುಗಳಿಗೂ ಅವನೇ ಕಲಿಸಬೇಕು. ಬೆಳಗ್ಗೆ ಎದ್ದಾಗ, ರಾತ್ರಿ ಮಲಗುವಾಗ, ಊಟಕ್ಕೆ ಕೂತಾಗ ಹೇಳಬೇಕಾದ ಪ್ರಾರ್ಥನೆಗಳೂ ಅದರಲ್ಲಿದ್ದವು. ಮುಂದಿನ ಶತಮಾನದಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ ಜನರನ್ನು ಮನೆಗೆ ಕರೆದು ಬೈಬಲು ಓದಿಸತೊಡಗಿದ. ಅವನ ಹೆಸರಿನ ಜೊತೆಗೇ ಪಯಟಿಸ್ಟ್ ಎಂಬ ಭಕ್ತಿಪಂಥ ಬೆಳೆಯಿತು. ದಕ್ಷಿಣ ಜರ್ಮನಿಯ ವೂರ್ಟೆಂಬರ್ಗ್ ಸೀಮೆಯಲ್ಲಿ ಇಂಥ ಮನೆಕೂಟಗಳನ್ನು ಸರಕಾರ ಸಂಶಯದಿಂದ ನೋಡಿತು. ಮನೆಯಲ್ಲಿ ಕೂತು ಪ್ರಾರ್ಥಿಸುವವರು ನಾಳೆ ಚರ್ಚನ್ನೇ ಬಿಟ್ಟಾರು ಎಂಬ ಭಯ. ಕೊನೆಗೆ 1743ರಲ್ಲಿ ಪಾದ್ರಿಗಳ ಗಮನದಲ್ಲಿಟ್ಟು ನಡೆಸಿಕೊಳ್ಳಿರೆಂದು ರಾಜಾಜ್ಞೆ ಹೊರಡಿಸಿತು. ಮನೆಯ ಪ್ರಾರ್ಥನೆಗೆ ಅಪ್ಪಣೆ ಚೀಟಿ ಬೇಕಿದ್ದ ಕಾಲವೂ ಇತ್ತು.

ದಿನಕ್ಕೊಂದು ಮಾತು ಎಂಬ ಪದ್ಧತಿಯೂ ಜರ್ಮನಿಯದೇ. ಸ್ಯಾಕ್ಸನಿಯ ಹೆರ್ನ್‌ಹೂಟ್ ಎಂಬ ಊರಲ್ಲಿ, 1728ರ ಮೇ 3ರ ಸಂಜೆ, ಕೌಂಟ್ ಜಿಂಜೆಂಡಾರ್ಫ್ ಕೂಡಿದ್ದವರಿಗೆ ಮರುದಿನಕ್ಕೆಂದು ಒಂದು ಮಾತು ಕೊಟ್ಟ. ಮರುದಿನ ಅದು ಮನೆಯಿಂದ ಮನೆಗೆ ಹೋಯಿತು. 1731ರಿಂದ ವರ್ಷದ ಮಾತುಗಳನ್ನು ಮೊದಲೇ ಆರಿಸಿ ಅಚ್ಚು ಹಾಕತೊಡಗಿದರು. ಇಂದಿಗೂ ಅದು ನಿಂತಿಲ್ಲ. ಅದಕ್ಕೂ ಹಿಂದೆ, 1718ರಲ್ಲಿ, ಬೋಗಟ್ಸ್ಕಿ ಎಂಬವನು ದೇವರ ವಾಗ್ದಾನಗಳನ್ನು ಆಯ್ದು ಒಂದು ಪುಸ್ತಕ ಮಾಡಿ, ಅದಕ್ಕೆ ಬಂಗಾರದ ಪುಟ್ಟ ಪೆಟ್ಟಿಗೆ ಎಂಬ ಅರ್ಥದ ಹೆಸರಿಟ್ಟಿದ್ದ. ಹೊಸವರ್ಷದ ದಿನ ಈಗಲೂ ನಮ್ಮ ಸಭೆಗಳಲ್ಲಿ ವಾಗ್ದಾನದ ಚೀಟಿ ಎತ್ತುವಾಗ ನನಗೆ ಈ ಮುನ್ನೂರು ವರ್ಷದ ಹಳೆಯ ಪೆಟ್ಟಿಗೆ ನೆನಪಾಗುತ್ತದೆ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಶುರುವಾದ ಮಿಶನ್ನಿಗೆ ಬಂದು ಸೇರಿದ ಹುಡುಗರಲ್ಲಿ ಹೆಚ್ಚಿನವರು ಇದೇ ವೂರ್ಟೆಂಬರ್ಗಿನವರು, ಇಂಥ ಮನೆಗಳಲ್ಲಿ ಬೆಳೆದವರು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ ಇಂಗ್ಲಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರದಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಲಬಾರಿನ ಕರಾವಳಿಯಲ್ಲಿ ಹಡಗಿಳಿದು, ಮಂಗಳೂರಿಗೆ ಬಂದು ನೆಲೆ ನಿಂತರು. ಎರಡು ವರ್ಷದ ನಂತರ ಹರ್ಮನ್ ಮೋಗ್ಲಿಂಗ್ ಬಂದ. ಅವನು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ್ದನ್ನು ನಾವೆಲ್ಲ ಪಾಠಪುಸ್ತಕದಲ್ಲಿ ಓದಿದ್ದೇವೆ.

ಇಲ್ಲಿ ಅವರ ಮಾತಿಗೆ ಕಿವಿಗೊಟ್ಟು ದೀಕ್ಷಾಸ್ನಾನ ಪಡೆದವರಲ್ಲಿ ಹೆಚ್ಚಿನವರು ಬಿಲ್ಲವರು. ಹಾಗೆ ಪಡೆದ ಕ್ಷಣವೇ ಗೇಣಿಯ ಗದ್ದೆ, ಬೈನೆಯ ಮರ, ಮನೆಮಂದಿ ಎಲ್ಲ ಕೈಬಿಟ್ಟುಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆಂದು ಮಿಶನ್ ಮಗ್ಗ ಹಾಕಿತು, ಪುಸ್ತಕ ಕಟ್ಟುವುದನ್ನು ಕಲಿಸಿತು. 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿಯ ದಂಡೆಯ ಜೇಡಿಮಣ್ಣು 'ಮಂಗಳೂರು ಹಂಚು' ಎಂಬ ಹೆಸರು ಹೊತ್ತು ಸಮುದ್ರ ದಾಟಿತು.

ನಮ್ಮ ಅಜ್ಜ ಆ ಕಾರ್ಖಾನೆಯಲ್ಲಿ ಹಂಚು ತಟ್ಟುವವರು. ಸುಟ್ಟು ಇಳಿಸಿದ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಒಂದನೇ ನಂಬರು ಎರಡನೇ ನಂಬರು ಎಂದು ಬೇರೆ ಮಾಡುವ ಕೆಲಸ. ಚೆನ್ನಾಗಿ ಬೆಂದದ್ದು ಗಂಟೆಯಂತೆ ಕಣಕಣ ಎನ್ನುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ಬೊದಬೊದ ಎನ್ನುತ್ತದೆ. ಬೆಳಗಿನ ಕೆಲಸ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಮಣ್ಣು ಮೆತ್ತಿದ ಕೈಗಳನ್ನೇ ಜೋಡಿಸಿ ನಿಂತರೆ, ಒಣಗಿದ ಜೇಡಿ ಬೆರಳ ಸಂದಿಯಲ್ಲಿ ಬಿಗಿಯುತ್ತಿತ್ತಂತೆ.

ಈ ಪ್ರಾರ್ಥನೆಗಳ ಸುತ್ತ ಹೊಗಳಿಕೆಯನ್ನಷ್ಟೇ ಹೆಣೆದರೆ ಅಜ್ಜನಿಗೇ ಮೆಚ್ಚಿಕೆಯಾಗದು. ಸಂಬಳ ಕೊಡುವ ಕೈ, ಮನೆ ಕೊಡುವ ಕೈ, ಸಭೆಯ ಶಿಸ್ತು ನೋಡುವ ಕೈ ಒಂದೇ ಆಗಿದ್ದಾಗ, ಕಣ್ಣು ಮುಚ್ಚಿದವರೆಲ್ಲ ದೇವರನ್ನೇ ನೋಡುತ್ತಿದ್ದರೆಂದು ಹೇಳಲಾಗದು. ಕುಡಿದವನ ಹೆಸರು, ಭೂತದ ಕೋಲಕ್ಕೆ ಹೋಗಿಬಂದವನ ಹೆಸರು ಪಾದ್ರಿ ಅಯ್ಯನವರ ಕಿವಿಗೆ ಬೀಳುತ್ತಿತ್ತು. ಸಭೆಯಿಂದ ಹೊರಗಾದರೆ ಒಲೆಯೂ ಆರುವ ಭಯ. "ಕೆಲವರದ್ದು ಬೊದಬೊದ ಪ್ರಾರ್ಥನೆ" ಎಂದು ಅಜ್ಜ ನಗುತ್ತಿದ್ದರು. ಆಮೇಲೆ ತಾವಾಗಿಯೇ ಸೇರಿಸುತ್ತಿದ್ದರು: "ನನ್ನದೂ ಕೆಲವು ದಿನ."

ಮನೆಯ ಪ್ರಾರ್ಥನೆ ಇದಕ್ಕಿಂತ ಬೇರೆಯಾಗಿತ್ತು. ಅದರ ಹೊತ್ತೇ ಬೇರೆ. ಜರ್ಮನಿಯ ಮನೆಗಳಲ್ಲಿ ಊಟದ ಮೇಜಿನ ಸುತ್ತ ನಡೆಯುತ್ತಿದ್ದದ್ದು ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಬಂದು ನಿಂತಿತು. ತುಳುನಾಡಿನ ಯಾವ ಮನೆಯಲ್ಲೂ ಮುಸ್ಸಂಜೆ ಖಾಲಿ ಹೊತ್ತಲ್ಲ. ಅಜ್ಜಿಯ ಅಜ್ಜಿ ತುಳಸಿಕಟ್ಟೆಗೆ ದೀಪವಿಟ್ಟು ಕೈಮುಗಿದವರು. ದೀಕ್ಷಾಸ್ನಾನದೊಡನೆ ಕಟ್ಟೆ ಹೋಯಿತು, ದೀಪ ಹಚ್ಚುವ ಹೊತ್ತು ಹೋಗಲಿಲ್ಲ. ಸೀಮೆಎಣ್ಣೆ ದೀಪದ ಗಾಜು ಒರೆಸಿ ಹಚ್ಚಿದರೆ ಕರೆಯದೆಯೇ ಎಲ್ಲರೂ ಬಂದು ಕೂರುತ್ತಿದ್ದರು. ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಕಥೋಲಿಕ ಚರ್ಚಿನ ಆಮೊರಿ ಗಂಟೆಯ ನಂತರ ಕೊಂಕಣಿಯಲ್ಲಿ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರುವಾಗುತ್ತಿತ್ತು. ಮೇಲಿನ ಗುಡ್ಡೆಯ ಮಂದಿರದಿಂದ ಭಜನೆಯ ತಾಳ ಕೇಳುತ್ತಿತ್ತು, ದೂರದ ಮಸೀದಿಯಿಂದ ಬಾಂಗು. ಹೊರಗೆ ನಿಂತು ಕೇಳಿದವರಿಗೆ ಇಡೀ ಕೇರಿಯೇ ಒಟ್ಟಿಗೆ ಏನನ್ನೋ ನೆನಪು ಮಾಡಿಕೊಳ್ಳುತ್ತಿದೆ ಅನ್ನಿಸಬೇಕು.

ನಾವು ಮಾತಾಡುವುದು ತುಳು, ಪ್ರಾರ್ಥಿಸುವುದು ಕನ್ನಡ. ಗ್ರೈನರನ ತುಳು ಹೊಸ ಒಡಂಬಡಿಕೆ 1847ರಲ್ಲೇ ಕಲ್ಲಚ್ಚಿನಲ್ಲಿ ಬಂದಿತ್ತು. ತುಳು ಗೀತೆಗಳನ್ನು ಈಗಲೂ ಹಾಡುತ್ತೇವೆ. ಆದರೂ ನಮ್ಮ ಮನೆಯಲ್ಲಿ ಓದಿಗೆ, ಬಿನ್ನಹಕ್ಕೆ ಕನ್ನಡವೇ. ಹೀಗಾಗಿ ಅಜ್ಜಿ ದೇವರ ಬಗ್ಗೆ ತುಳುವಿನಲ್ಲಿ ಕೇಳುವಾಗ ಗೌರವದ ಬಹುವಚನ ಬಳಸುತ್ತಿದ್ದರು, ದೇವರ ಜೊತೆ ಕನ್ನಡದಲ್ಲಿ ಮಾತಾಡುವಾಗ 'ನೀನು' ಎನ್ನುತ್ತಿದ್ದರು. ಅಯ್ಯನವರಿಗೆ 'ನೀವು', ಅಜ್ಜನಿಗೆ 'ನೀವು', ಅಂಗಡಿಯ ಶೆಟ್ಟರಿಗೆ 'ನೀವು', ದೇವರಿಗೆ ಮಾತ್ರ 'ನೀನು'. ನಾನು ಇದನ್ನು ಕೇಳಿದಾಗ ಅವರು, "ಮಗು ತಾಯಿಗೆ ನೀವು ಅನ್ನುತ್ತದಾ?" ಎಂದರು. ಇತ್ತೀಚೆಗೆ ನಮ್ಮ ಸಭೆಗಳಲ್ಲಿ 'ನಿಮಗೆ ಸ್ತೋತ್ರ' ಎನ್ನುವುದು ಹೆಚ್ಚುತ್ತಿದೆ. ತಪ್ಪೆನ್ನಲಾರೆ. ಆದರೆ ಒಂದು ಸರ್ವನಾಮ ಬದಲಾದರೆ ದೇವರು ಚಾಪೆಯಿಂದ ಎದ್ದು ಕುರ್ಚಿಯ ಮೇಲೆ ಕೂತಂತೆ ನನಗೆ ಅನ್ನಿಸುತ್ತದೆ.

ಹಳೆಯ ಕನ್ನಡ ಬೈಬಲಿನಲ್ಲಿ ಇದಕ್ಕಿಂತಲೂ ವಿಚಿತ್ರವಾದ ವ್ಯಾಕರಣವೊಂದಿದೆ. 'ದೇವರು' ಎಂಬುದು ಗೌರವದ ಬಹುವಚನ ರೂಪ. ಅದರ ಕ್ರಿಯಾಪದ ಮಾತ್ರ ಏಕವಚನ: ದೇವರು ನೋಡಿದನು, ದೇವರು ಕೇಳಿದನು. ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಆಮೇಲೆ ತಿಳಿಯಿತು, ಹೀಬ್ರೂವಿನಲ್ಲೂ 'ಎಲೋಹೀಮ್' ಬಹುವಚನದ ರೂಪವೇ, ಅದೂ ಏಕವಚನದ ಕ್ರಿಯಾಪದವನ್ನೇ ತೆಗೆದುಕೊಳ್ಳುತ್ತದೆ. ಅನುವಾದಕರು ಬೇಕೆಂದು ಮಾಡಿದರೋ, ಕನ್ನಡ ತಾನಾಗಿ ದಾರಿ ಕೊಟ್ಟಿತೋ, ಎತ್ತರವೂ ಹತ್ತಿರವೂ ಒಂದೇ ವಾಕ್ಯದಲ್ಲಿ ಬಂದು ಕೂತವು.

ಆ ಕನ್ನಡ ಒಂದೇ ದಿನದಲ್ಲಿ ಆದದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಇಡೀ ಬೈಬಲನ್ನು ಕನ್ನಡದಲ್ಲಿ ತಂದದ್ದು 1831ಕ್ಕೆ, ಎರಡು ದಶಕ ದುಡಿದು. ಆಮೇಲೆ ಮೋಗ್ಲಿಂಗನ ಹತ್ತಿರದ ಬಂಧು ಗಾಟ್‌ಫ್ರೀಡ್ ವೈಗ್ಲೆ ಅದನ್ನು ತಿದ್ದುವ ಕೆಲಸಕ್ಕೆ ಕೂತ. ಅವನು 1855ರಲ್ಲಿ ತೀರಿಕೊಂಡ ಮೇಲೂ ಆ ತಿದ್ದುವಿಕೆ ಮುಂದುವರಿಯಿತು. ಅವರ ಮುಂದಿದ್ದ ತೊಡಕು ಊಹಿಸಬಲ್ಲೆ. ಪರದೇಶದ ಪುಸ್ತಕವೊಂದು ದೇವರ ಗುಣಗಳನ್ನು ಸಾಲಾಗಿ ಹೇಳುತ್ತದೆ. ಒಂದೊಂದಕ್ಕೂ ಇಲ್ಲಿಯ ಬಾಯಲ್ಲಿ ನಿಲ್ಲುವ ಮಾತು ಹುಡುಕಬೇಕು. ಆ ಮಾತುಗಳಿಗೆ ಆಗಲೇ ಬೇರೆ ಗುಡಿಗಳ ವಾಸನೆ ಹತ್ತಿರುತ್ತದೆ. ಕೃಪೆ, ದಯೆ, ಕರುಣೆ ಎಲ್ಲವೂ ದಾಸರ ಬಾಯಲ್ಲಿ, ಶರಣರ ಬಾಯಲ್ಲಿ ಬಳಸಿ ನುಣುಪಾದ ಮಾತುಗಳು. ಮೋಗ್ಲಿಂಗ್ ಅದೇ ಹೊತ್ತಿನಲ್ಲಿ, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶನ ಹಣದ ನೆರವಿನಿಂದ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸುತ್ತಿದ್ದ. ಬೈಬಲಿನ ಸ್ತುತಿಗೀತೆಗಳ ಪುಸ್ತಕಕ್ಕೆ ಕನ್ನಡದಲ್ಲಿ ನಿಂತ ಹೆಸರು 'ಕೀರ್ತನೆಗಳು'. ದಾಸರ ಅಂಗಳದಿಂದ ಎರವಲು ತಂದ ಹೆಸರದು. ಫರ್ಡಿನಾಂಡ್ ಕಿಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲೇ ಹೇಳಿದ. ಅವನ ದೊಡ್ಡ ನಿಘಂಟು ಹೊರಬಂದದ್ದು 1894ರಲ್ಲಿ.

ಕೊಡುಕೊಳೆ ಒಂದೇ ಕಡೆಯದಾಗಿರಲಿಲ್ಲ. ಮುಂದೆ ಇದೇ ಬಾಸೆಲ್ ಮಿಶನ್ನಿನ ಪರಂಪರೆಯ ಪಾದ್ರಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಮನೆಯ ಪ್ರಾರ್ಥನೆ ಮುಗಿದ ಮೇಲೆ ಅಜ್ಜ ಸರ್ವಜ್ಞನ ಒಂದೆರಡು ತ್ರಿಪದಿ ಹೇಳುತ್ತಿದ್ದದ್ದಕ್ಕೆ ಯಾವ ಅಯ್ಯನವರೂ ಆಕ್ಷೇಪಿಸಿದ ನೆನಪಿಲ್ಲ.

ಅಜ್ಜಿಗೆ ತುಂಬ ಇಷ್ಟವಾಗಿದ್ದ ಮಾತು 'ದೀರ್ಘಶಾಂತ'. ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ಮೋಶೆಗೆ ತನ್ನ ಗುಣಗಳನ್ನು ತಾನೇ ಹೇಳಿಕೊಳ್ಳುವ ಕಡೆ ಅದು ಬರುತ್ತದೆ. ಜನ ಬಂಗಾರದ ಬಸವನನ್ನು ಮಾಡಿಕೊಂಡು ಕುಣಿದು, ಕಲ್ಲಿನ ಹಲಗೆಗಳು ಒಡೆದು ಚೂರಾಗಿ, ಎರಡನೇ ಸಲ ಹಲಗೆ ಕೆತ್ತಿಸಿಕೊಂಡು ಮೋಶೆ ಬೆಟ್ಟ ಹತ್ತಿರುವ ಸಂದರ್ಭ ಅದು. ಕೋಪ ಬರುವುದಕ್ಕೆ ಬಹಳ ಹೊತ್ತು ಹಿಡಿಯುವ ಸ್ವಭಾವಕ್ಕೆ ಯಾರೋ ಒಬ್ಬ ಅನುವಾದಕ ಈ ಸಮಾಸ ಕೂಡಿಸಿದ. ಬೈಬಲಿನ ಹೊರಗೆ ಕನ್ನಡಿಗರು ಅದನ್ನು ಹೆಚ್ಚು ಬಳಸುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಹಾಲು ಉಕ್ಕುವವರೆಗೆ ಕಾಯದೆ ಒಲೆಯ ಬಳಿ ಚಡಪಡಿಸಿದರೂ "ಸ್ವಲ್ಪ ದೀರ್ಘಶಾಂತಿ ಇರಲಿ" ಎಂಬ ಮಾತು ಬೀಳುತ್ತಿತ್ತು.

ಈಗ ಆ ಪ್ರಶ್ನೆಗೆ ಬರುತ್ತೇನೆ. ಅಜ್ಜಿ ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವರು. ಮದುವೆಯಾಗಿ ಜೆಪ್ಪುವಿಗೆ ಬಂದ ಹೊಸತರಲ್ಲಿ ಜರ್ಮನಿಯ ಮಿಸ್ಸಿಯಮ್ಮ ಒಬ್ಬರು ಮನೆಮನೆಗೆ ಬಂದು, ಹೆಂಗಸರನ್ನು ಕೂರಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರಂತೆ. ದೇವರ ಗುಣಗಳಾವುವು ಎಂದು ಅವರು ಕೇಳಬೇಕು, ಸರ್ವಶಕ್ತ, ಸರ್ವಜ್ಞ, ಪರಿಶುದ್ಧ, ನೀತಿವಂತ ಎಂದು ಇವರು ಸಾಲಾಗಿ ಹೇಳಬೇಕು. ಅಷ್ಟರಲ್ಲಿ 1914ರ ಯುದ್ಧ ಬಂತು. ಜರ್ಮನಿಯ ಮಿಶನರಿಗಳು ಶತ್ರು ದೇಶದವರಾದರು. ಕೆಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು, ಆಮೇಲೆ ಊರಿಗೆ ಕಳಿಸಿದರು. ಮಿಸ್ಸಿಯಮ್ಮನೂ ಹೋದರು. ಯುದ್ಧ ಮುಗಿಯುವ ಹೊತ್ತಿಗೆ ಕಾರ್ಖಾನೆಗಳು ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಎಂಬತ್ತು ವರ್ಷ ಒಂದೇ ಮರಕ್ಕೆ ಹಬ್ಬಿದ್ದ ಸಭೆಗೆ ಮರವೇ ಇಲ್ಲವಾಯಿತು.

ಅಲ್ಲಿಗೆ ಮನೆಯ ಪ್ರಾರ್ಥನೆಯೂ ನಿಂತುಹೋಗಬಹುದಿತ್ತು. ಕೇಳುವವರಿಲ್ಲ, ಒಪ್ಪಿಸಿಕೊಳ್ಳುವವರಿಲ್ಲ. ಪ್ರಾರ್ಥಿಸದಿದ್ದರೆ ಕೂಲಿ ಹೋಗುತ್ತದೆಂಬ ಭಯವೂ ಇಲ್ಲ. ಕೆಲವು ಮನೆಗಳಲ್ಲಿ ನಿಂತೂ ಹೋಯಿತಂತೆ. ಅಜ್ಜಿ ಮಾತ್ರ ಮಿಸ್ಸಿಯಮ್ಮನ ಜಾಗದಲ್ಲಿ ತಾವೇ ಕೂತು ಪ್ರಶ್ನೆ ಕೇಳತೊಡಗಿದರು. ಕೇಳುವಾಗ ಭಾಷೆ ತುಳುವಾಯಿತು, ಪ್ರಶ್ನೆಯೂ ಒಂದಿಷ್ಟು ಬದಲಾಯಿತು. ದೇವರು ಎಂಥವನು ಎಂಬುದು ಮಿಸ್ಸಿಯಮ್ಮನ ಪ್ರಶ್ನೆ. ಇವತ್ತು ಹೇಗೆ ಕಾಣಿಸಿದ ಎಂಬುದು ಅಜ್ಜಿಯ ಪ್ರಶ್ನೆ. ಮೊದಲನೆಯದಕ್ಕೆ ಪುಸ್ತಕದಲ್ಲಿ ಉತ್ತರವಿದೆ. ಎರಡನೆಯದಕ್ಕೆ ಹಗಲೆಲ್ಲ ಕಣ್ಣು ತೆರೆದಿರಬೇಕು. ಸಂಜೆ ಉತ್ತರ ಹೇಳಬೇಕೆಂಬ ನೆನಪು ಬೆಳಗಿನಿಂದಲೇ ನಮ್ಮ ಬೆನ್ನಿಗಿರುತ್ತಿತ್ತು. ಇಡೀ ದಿನ ಪ್ರಾರ್ಥನೆಯ ತಯಾರಿಯಾಗುತ್ತಿತ್ತು ಎಂಬುದು ಈಗ ಹೊಳೆಯುತ್ತಿದೆ, ಆಗ ಗಂಜಿಯ ಚಿಂತೆಯಷ್ಟೇ ಇತ್ತು.

ಅಜ್ಜಿಯ ನೋಟುಪುಸ್ತಕಗಳಲ್ಲಿ ಮೊದಲನೆಯದು 1919ರದ್ದು. ಅಂಗೈಯಗಲದ ಪುಸ್ತಕ, ಸಾಲಿಗೊಂದು ತೇದಿ, ತೇದಿಯ ಮುಂದೆ ಒಂದೇ ಮಾತು. ವಿವರಣೆಯಿಲ್ಲ. ಎಲ್ಲಿ ಕಂಡರು, ಯಾಕೆ ಕಂಡರು, ಯಾವುದೂ ಇಲ್ಲ. ಮೊದಲ ವರ್ಷದ ಮಾತುಗಳೆಲ್ಲ ಮಿಸ್ಸಿಯಮ್ಮನಿಗೆ ಒಪ್ಪಿಸಿದವೇ: ಪರಿಶುದ್ಧ, ಸರ್ವಶಕ್ತ, ನಂಬಿಗಸ್ತ, ದೀರ್ಘಶಾಂತ. ಅಕ್ಷರ ಗುಂಡಗೆ, ಶಾಲೆಯ ಹುಡುಗಿ ಬರೆದಂತೆ. ಹೆಚ್ಚಿನವು ಸಂಸ್ಕೃತದಿಂದ ಬಂದ ಮಾತುಗಳು, ಎಲ್ಲವೂ ನಾಮಪದ.

ಒಂದು ತೇದಿಯಿಂದ ಪುಸ್ತಕ ಬೇರೆಯಾಗುತ್ತದೆ.

1923ರ ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಬಂದದ್ದನ್ನು ನಮ್ಮ ಕಡೆ ಈಗಲೂ 'ಮಾರಿಬೊಳ್ಳ' ಎನ್ನುತ್ತಾರೆ. ಬಂಟ್ವಾಳ, ಪಾಣೆಮಂಗಳೂರು ನೀರಿನಲ್ಲಿ ಮುಳುಗಿದವು. ಅಜ್ಜಿಯ ತವರು ಪಾಣೆಮಂಗಳೂರಿನ ಹತ್ತಿರ, ಹೊಳೆಗೆ ಮುಖ ಮಾಡಿದ ಮಣ್ಣಿನ ಗೋಡೆಯ ಮನೆ. ಮನೆ ಹೋಯಿತು. ಅಜ್ಜಿಯ ಕೊನೆಯ ತಮ್ಮನೂ ಹೋದ. ಅವನ ಮೈ ಸಿಗಲಿಲ್ಲ. ಸುದ್ದಿ ಬಂದ ಸಂಜೆಯೂ ಅಜ್ಜ ಬೈಬಲು ಓದಿದರಂತೆ. ಅಜ್ಜಿ ಪ್ರಶ್ನೆ ಕೇಳಲಿಲ್ಲ. ಮಕ್ಕಳು ಅವರ ಮುಖ ನೋಡಿದರು. "ಇವತ್ತು ಕಾಣಿಸಲಿಲ್ಲ" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರಂತೆ. ಇದು ದೊಡ್ಡಮ್ಮ ನನಗೆ ಹೇಳಿದ್ದು. ಅವರಿಗಾಗ ಎಂಟು ವರ್ಷ.

ಪುಸ್ತಕದಲ್ಲಿ ಆ ದಿನದ ತೇದಿ ಇದೆ, ಮುಂದೆ ಮಾತಿಲ್ಲ. ಮರುದಿನವೂ ತೇದಿ ಇದೆ, ಮಾತಿಲ್ಲ. ಹೀಗೆ ಪುಟ ತುಂಬುವವರೆಗೆ ಬರೀ ತೇದಿಗಳು. ಒಂದು ದಿನವನ್ನೂ ಅವರು ಬಿಟ್ಟಿಲ್ಲ. ಪುಟ ತಿರುಗಿಸಿದರೆ ಮೊದಲ ಸಾಲಿನಲ್ಲಿ ಒಂದು ಮಾತು ಬರೆದಿದ್ದಾರೆ: ಸುಮ್ಮನಿದ್ದ.

ನಾನು ಬಹಳ ಹೊತ್ತು ಆ ಮಾತನ್ನೇ ನೋಡುತ್ತ ಕೂತಿದ್ದೆ. ಯಾವ ಪ್ರಶ್ನೋತ್ತರ ಪುಸ್ತಕದ ಗುಣಪಟ್ಟಿಯಲ್ಲೂ ಅದು ಇರಲಾರದು. ಅದನ್ನು ದೂರು ಎನ್ನಬಹುದು. ಜೊತೆಯಲ್ಲಿ ಕೂತವನು ಮಾತಾಡದೆ ಇದ್ದದ್ದರ ಸಾಕ್ಷಿ ಎಂದೂ ಓದಬಹುದು. ಅಜ್ಜಿ ಎರಡನ್ನೂ ಬಿಡಿಸಿ ಹೇಳಿಲ್ಲ. ಕೀರ್ತನೆಗಳಲ್ಲಿ 88ನೆಯದು ಹೀಗೆಯೇ ಇದೆ. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೆ ಕೊನೆಯವರೆಗೂ ಅದು ಮಾತಾಡುತ್ತಿರುವುದು ದೇವರ ಜೊತೆಗೇ. ಇಂಥದ್ದನ್ನು ಕೂಡ ಪ್ರಾರ್ಥನೆಯ ಪುಸ್ತಕದೊಳಗೆ ಇರಗೊಟ್ಟ ಯೆಹೂದಿ ಹಿರಿಯರ ಧೈರ್ಯ ದೊಡ್ಡದು. 136ನೇ ಕೀರ್ತನೆಯನ್ನು ಅಜ್ಜ ಒಂದು ಸಾಲು ಓದಿದರೆ ನಾವೆಲ್ಲ ಪಲ್ಲವಿಯಂತೆ ಉತ್ತರ ಹೇಳುತ್ತಿದ್ದೆವು, ಇಪ್ಪತ್ತಾರು ಸಲ, ದೇವರ ಕೃಪೆ ಮುಗಿಯದೆಂದು. 88ನೆಯದನ್ನು ಅವರು ಒಬ್ಬರೇ ಓದುತ್ತಿದ್ದರು. ನಾವು ಉತ್ತರ ಹೇಳುವಂತಿರಲಿಲ್ಲ.

'ಸುಮ್ಮನಿದ್ದ' ಬಂದ ಮೇಲೆ ಪುಸ್ತಕಗಳಲ್ಲಿ ನಾಮಪದಗಳು ಕಡಿಮೆಯಾಗುತ್ತ ಹೋಗುತ್ತವೆ. ಕನ್ನಡದ ಟೀಚರಿನ ಕಣ್ಣಿಗೆ ಇದು ತಪ್ಪಿಸಿಕೊಳ್ಳಲಾರದು. 'ದೀರ್ಘಶಾಂತ' ಇದ್ದ ಕಡೆ 'ಕಾದ' ಎಂದಿದೆ. 'ಸರ್ವಜ್ಞ' ಇದ್ದ ಕಡೆ 'ಗೊತ್ತಿತ್ತು' ಎಂದು ಬರೆದಿದ್ದಾರೆ. 'ನಂಬಿಗಸ್ತ' ಹೋಗಿ 'ಮತ್ತೆ ಬಂದ' ಆಗಿದೆ. ಎಬ್ಬಿಸಿದ. ತಡೆದ. ಉಣಿಸಿದ. ಒಂದು ಕಡೆ 'ನಕ್ಕ' ಎಂದಿದೆ. ಆ ತೇದಿ ನನ್ನ ಅಪ್ಪ ಹುಟ್ಟಿದ ದಿನ. 1940ರ ದಶಕಕ್ಕೆ ಬರುವಾಗ ದೊಡ್ಡ ಸಮಾಸಗಳು ಪೂರಾ ಮಾಯವಾಗಿ, ಮನೆಯ ಮಾತುಗಳಷ್ಟೇ ಉಳಿದಿವೆ. ಅಕ್ಷರವೂ ಅಷ್ಟು ಗುಂಡಗಿಲ್ಲ.

ಅಜ್ಜಿಗೆ ಮೊದಲು ಕಲಿಸಿದ ಮಾತುಗಳು ತಪ್ಪೆಂದು ನನಗೆ ಅನ್ನಿಸಿಲ್ಲ. ಆ ನಾಮಪದಗಳನ್ನು ಹ್ಯಾಂಡ್ಸ್, ವೈಗ್ಲೆ ಮತ್ತು ಅವರ ಜೊತೆ ಕೂತು ತಿದ್ದಿದ, ಹೆಸರು ಉಳಿಯದ ಎಷ್ಟೋ ಮಂದಿ ಮುನ್ಷಿಗಳು ಬೆವರು ಸುರಿಸಿ ಹುಡುಕಿಕೊಟ್ಟರು. ಅವು ಇಲ್ಲದಿದ್ದರೆ ಅಜ್ಜಿಗೆ ಏನನ್ನು ನೋಡಬೇಕೆಂಬುದೇ ಗೊತ್ತಾಗುತ್ತಿರಲಿಲ್ಲ. ಆದರೆ ಪುಸ್ತಕದಿಂದ ಬಂದ 'ದೀರ್ಘಶಾಂತ' ಒಂದು ಮನೆಯಲ್ಲಿ 'ಕಾದ' ಆಗಬೇಕಾದರೆ ಯಾರಾದರೂ ದಿನಾ ಸಂಜೆ ಕೂತು ಕೇಳಬೇಕು, ಬಹಳ ವರ್ಷ. ಬೈಬಲಿನ ಅನುವಾದ ಬಳ್ಳಾರಿಯಲ್ಲೂ ಮಂಗಳೂರಿನ ಬಲ್ಮಠದಲ್ಲೂ ಮುಗಿಯಲಿಲ್ಲ, ಕೊನೆಯ ಕರಡು ಚಾಪೆಯ ಮೇಲೆ ತಯಾರಾಯಿತು ಎಂಬುದು ನನ್ನ ಲೆಕ್ಕ.

ಕಾಲ ಸುಮ್ಮನೆ ಕೂರಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ನಮ್ಮ ಕರಾವಳಿಯ ಸಭೆಗಳು ಆಮೇಲೆ ಬಂದು ಸೇರಿದವು. ಆರಾಧನೆಯ ಪುಸ್ತಕ ಬದಲಾಯಿತು. ಹಂಚಿನ ಮನೆಗಳ ಜಾಗದಲ್ಲಿ ತಾರಸಿ ಎದ್ದಿತು. ದೀಪ ಹಚ್ಚುವ ಹೊತ್ತನ್ನು ಮೊದಲು ರೇಡಿಯೋ, ಆಮೇಲೆ ಧಾರಾವಾಹಿ ತೆಗೆದುಕೊಂಡವು. ಕೊಲ್ಲಿ ದೇಶಗಳಿಗೆ ಹೋದ ಹುಡುಗರ ಸಂಜೆಗೂ ನಮ್ಮ ಸಂಜೆಗೂ ತಾಳೆಯಿಲ್ಲ. ಮನೆಯ ಪ್ರಾರ್ಥನೆ ಇನ್ನೂ ಇದೆ. ಹೆಚ್ಚಿನ ಮನೆಗಳಲ್ಲಿ ಅದು ಬೇಡಿಕೆಯ ಪಟ್ಟಿಯಾಗಿದೆ: ವೀಸಾ, ಪರೀಕ್ಷೆ, ಸಕ್ಕರೆ ಕಾಯಿಲೆ. ಬೇಡುವುದು ತಪ್ಪಲ್ಲ. ಅಜ್ಜಿಯೂ ಧಾರಾಳವಾಗಿ ಬೇಡುತ್ತಿದ್ದರು. ಯಾರ ಹತ್ತಿರ ಬೇಡುತ್ತಿದ್ದೇವೆಂದು ಮೊದಲು ಗುರುತು ಹೇಳಿ, ಆಮೇಲೆ ಬೇಡುತ್ತಿದ್ದರು, ಅಷ್ಟೇ.

ನಾನು ಈಗ ಒಬ್ಬಳೇ ಇರುವುದು. ಬೆಂಗಳೂರಿನಲ್ಲಿರುವ ಮೊಮ್ಮಗಳು ರಾತ್ರಿ ಎಂಟಕ್ಕೆ ಫೋನು ಮಾಡುತ್ತಾಳೆ. ಹತ್ತು ವರ್ಷದ ಹುಡುಗಿ, ತುಳು ಅರ್ಥವಾಗುತ್ತದೆ, ಮಾತಾಡಲು ಬಾರದು. ನಾನು ಅದೇ ಪ್ರಶ್ನೆ ಕೇಳುತ್ತೇನೆ. ಅವಳಿಗೂ ಒಂದು ಪುಸ್ತಕ ಕೊಡಿಸಿದ್ದೇನೆ, ಹೊದಿಕೆಯ ಮೇಲೆ ಬೆಕ್ಕಿನ ಚಿತ್ರವಿದೆ. ಕೆಲವು ದಿನ ಚುರುಕಾಗಿ ಉತ್ತರ ಬರುತ್ತದೆ. ಕಳೆದ ವಾರ ಅವಳ ಗೆಳತಿ ಶಾಲೆ ಬಿಟ್ಟು ಬೇರೆ ಊರಿಗೆ ಹೋದ ದಿನ, ಬಹಳ ಹೊತ್ತು ಸುಮ್ಮನಿದ್ದು, "ಇವತ್ತು ಏನೂ ಕಾಣಲಿಲ್ಲ ಅಜ್ಜಿ" ಎಂದಳು.

"ಆಗಲಿ ಮಗಾ," ಎಂದೆ. "ತೇದಿ ಮಾತ್ರ ಬರೆದಿಡು."